ಕಂಡುಹಿಡಿದರೆ ಕೂಲಿಯಿಲ್ಲ

ವಕೀಲರು ಕೋಟಿನ ಎಡತೋಳನ್ನು ಮೂರನೇ ಸಲ ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ಸಲ ಹೊರಮೈ ನೋಡಿದ್ದರು. ಎರಡನೇ ಸಲ ತೋಳಿನೊಳಗೆ ಕೈ ಹಾಕಿ ಮಗುಚಿ ನೋಡಿದ್ದರು. ಈ ಸಲ ಕನ್ನಡಕವನ್ನು ಹಣೆಗೇರಿಸಿ, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳಾಡಿಸುತ್ತ ಹೋದರು. ಬೂದುಬಣ್ಣದ ಹಳೇ ಉಣ್ಣೆ ಕೋಟು. ತೋಳಿಗೆ ಅಸ್ತರಿಲ್ಲ. ಎಲ್ಲೂ ಏನೂ ಸಿಗಲಿಲ್ಲ.

"ನೋಡಿ ಮೇಡಂ," ಎಂದು ಅವರು ಕೋಟನ್ನು, ಪರಿಹಾರದ ಅರ್ಜಿ ವಿಚಾರಿಸುತ್ತಿದ್ದ ಅಧಿಕಾರಿಯ ಮೇಜಿನ ಮೇಲೆ ಹರಡಿದರು. "ಈಯಮ್ಮ ಹೇಳೋ ಪ್ರಕಾರ ನಮ್ಮ ಕಕ್ಷಿದಾರರ ನಾಯಿ ಇದೇ ಕೋಟಿನ ಮೇಲೆ, ಇದೇ ತೋಳಿಗೆ ಬಾಯಿ ಹಾಕಿದೆ. ಹಲ್ಲು ಮಾಂಸದೊಳಗೆ ಇಳಿದಿದೆ. ಕೋಟಿಂದು ಮಾತ್ರ ಒಂದೆಳೆ ಕೂಡ ಕಿತ್ತಿಲ್ಲ. ಇದೆಂಥ ನಾಯಿ ಮೇಡಂ, ಬಟ್ಟೆ ಬಿಟ್ಟು ಬರೀ ಕೈ ಕಚ್ಚೋದು?"

ಗುಮಾಸ್ತ ಕಿಸಕ್ಕೆಂದ. ಅಧಿಕಾರಿ ಅವನ ಕಡೆ ಒಂದು ನೋಟ ಬಿಸಾಕಿ, ಕೋಟನ್ನು ತನ್ನತ್ತ ಎಳೆದುಕೊಂಡರು. ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಮೇಜಿನ ಡ್ರಾಯರಿನಿಂದ ಭೂತಗನ್ನಡಿ ತೆಗೆದು ಹುಡುಕಿದರು. ಬಟ್ಟೆಯನ್ನು ಎರಡೂ ಕಡೆಯಿಂದ ಜಗ್ಗಿ ನೋಡಿದರು. ಕೊನೆಗೆ ಭೂತಗನ್ನಡಿ ಕೆಳಗಿಟ್ಟು, "ನನಗೂ ಕಾಣಿಸ್ತಿಲ್ಲ," ಎಂದರು.

ಎದುರು ಕುರ್ಚಿಯಲ್ಲಿ ಕೂತಿದ್ದ ರಫಕ್ಕನಿಗೆ ಆ ಗಳಿಗೆಯಲ್ಲಿ ಎದೆ ಒಡೆಯಬೇಕಿತ್ತು. ಅವಳ ಕೇಸು ಕಣ್ಣೆದುರೇ ಬಿದ್ದುಹೋಗುತ್ತಿತ್ತು. ಆದರೆ ಆ ಮಹಾತಾಯಿಗೆ ಎದೆ ಉಬ್ಬಿತು. ವಕೀಲ ಸೋತ, ಗುಮಾಸ್ತ ಸೋತ, ಭೂತಗನ್ನಡಿಯೂ ಸೋತಿತು. ತುಟಿ ತನ್ನಷ್ಟಕ್ಕೆ ಅಗಲವಾಗುತ್ತಿತ್ತು. ಪಕ್ಕದಲ್ಲಿದ್ದ ಸೊಸೆ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದಳು.

"ಅತ್ತೆ, ದಮ್ಮಯ್ಯ, ನಗಬೇಡಿ."

ಈ ನಗುವಿನ ಬೇರು ಎಲ್ಲಿತ್ತು ಎಂದರೆ, ಮೆಟ್ಟಿಲ ಕೆಳಗಿನ ಒಂದು ಗೂಡಂಗಡಿಯಲ್ಲಿ. ಒಂದು ಕಡೆ ಚಪ್ಪಲಿ ಹೊಲಿಯುವವನು, ಇನ್ನೊಂದು ಕಡೆ ಬೀಗದ ಕೈ ಮಾಡುವವನು, ನಡುವೆ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಮಾತಾಡಬೇಕಾದಷ್ಟು ಜಾಗ. ಬೋರ್ಡಿನ ಮೇಲೆ 'ರಫು' ಎಂದಷ್ಟೇ ಬರೆದಿತ್ತು. ಹರಿದ ಬಟ್ಟೆಗೆ ತೇಪೆ ಹಾಕುವವರು ಬೀದಿಗೊಬ್ಬರು ಸಿಗುತ್ತಾರೆ. ರಫು ಬೇರೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಕೂದಲಿನಂಥ ಸೂಜಿಗೆ ಪೋಣಿಸಿ, ಉದ್ದೆಳೆಯ ಹಾಸಿಗೆ ಹಾಸು, ಅಡ್ಡೆಳೆಯ ಹೊಕ್ಕಿಗೆ ಹೊಕ್ಕು ಕೂಡಿಸಿ, ಮಗ್ಗ ನೇಯ್ದದ್ದನ್ನು ಕೈಯಲ್ಲಿ ಮತ್ತೆ ನೇಯಬೇಕು. ಅವಳ ಅಪ್ಪನಿಗೆ ಅದರಲ್ಲಿ ಎತ್ತಿದ ಕೈ. ಅಪ್ಪನನ್ನೂ ಮೀರಿಸಿದವಳು ಮಗಳು. ಊರವರ ಬಾಯಲ್ಲಿ ರಫು ಅಕ್ಕ ಸವೆದು ಸವೆದು ರಫಕ್ಕ ಆಗಿ ಎಷ್ಟೋ ಕಾಲವಾಗಿತ್ತು.

ಅಂಗಡಿಗೆ ಒಂದೇ ಒಂದು ಕಾಯಿದೆ, ಅಪ್ಪ ಮಾಡಿದ್ದು. ಕೆಲಸ ಮುಗಿದ ಮೇಲೆ ಬಟ್ಟೆಗೆ ಒದ್ದೆಬಟ್ಟೆ ಹಾಕಿ ಇಸ್ತ್ರಿ ಒತ್ತಿ, ಗಿರಾಕಿಯ ಮುಂದೆ ಹರಡಿ, "ಹುಡುಕಿ" ಎನ್ನಬೇಕು. ಹರಿದಿದ್ದ ಜಾಗವನ್ನು ಗಿರಾಕಿ ಕಂಡುಹಿಡಿದರೆ ಕೂಲಿಯಿಲ್ಲ. ಅಪ್ಪ ತನ್ನ ಜೀವಮಾನದಲ್ಲಿ ನಾಲ್ಕು ಸಲ ಕೂಲಿ ಬಿಟ್ಟಿದ್ದ. ರಫಕ್ಕ ನಲವತ್ತು ವರ್ಷದಲ್ಲಿ ಎರಡೇ ಸಲ. ಅದರಲ್ಲೂ ಒಬ್ಬ ಕಿಲಾಡಿ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದ. ಅದನ್ನು ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ನಾಯಿಯ ಕಥೆ ಶುರುವಾದದ್ದು ಏಳು ತಿಂಗಳ ಹಿಂದೆ, ಒಂದು ಫೋನಿನಿಂದ. ನಿವೃತ್ತ ಎಂಜಿನಿಯರರೊಬ್ಬರು, ಹಸಿರು ಗೇಟಿನ ಮನೆಯವರು, ತೀರಿಕೊಂಡ ಹೆಂಡತಿಯ ಶಾಲಿಗೆ ನುಸಿ ಹೊಡೆದಿದೆ ಎಂದಿದ್ದರು. ಅಂಗಡಿಗೆ ತರಲು ಮಂಡಿನೋವು, ದಯವಿಟ್ಟು ಮನೆಗೆ ಬನ್ನಿ, ಗೇಟು ತೆಗೆದಿರುತ್ತೆ, ನಾಯಿ ಕಟ್ಟಿರುತ್ತೇನೆ. ರಫಕ್ಕ ಹೋದಳು. ಚಳಿ ಇತ್ತೆಂದು ಅಪ್ಪನ ಕೋಟು ಹಾಕಿಕೊಂಡು ಹೋದಳು. ಗೇಟು ತೆಗೆದಿತ್ತು. ಎಂಜಿನಿಯರರು ವರಾಂಡದಲ್ಲೇ ಶಾಲು ಕೊಟ್ಟರು, ಇನ್ನೊಂದು ತರುತ್ತೇನೆಂದು ಒಳಗೆ ಹೋದರು. ಅಷ್ಟರಲ್ಲಿ ಮನೆಯ ಪಕ್ಕದಿಂದ, ಸದ್ದಿಲ್ಲ ಗದ್ದಲವಿಲ್ಲ, ಕರುವಿನಷ್ಟೆತ್ತರದ ಕಂದು ನಾಯಿಯೊಂದು ಬಂದು ಅವಳ ಎಡಗೈ ಹಿಡಿಯಿತು.

ಎಂಜಿನಿಯರರು ಓಡಿಬಂದು ಅದರ ಕುತ್ತಿಗೆಪಟ್ಟಿ ಹಿಡಿದು ಎಳೆದರು. "ಏನೂ ಆಗಿಲ್ಲ, ಏನೂ ಆಗಿಲ್ಲ, ಆಟಕ್ಕೆ ಹಿಡಿದಿದೆ ಅಷ್ಟೆ, ಇಂಜೆಕ್ಷನ್ ಎಲ್ಲ ಆಗಿದೆ ಇದಕ್ಕೆ," ಎಂದು ಹತ್ತಿ ಕೊಟ್ಟರು. ರಫಕ್ಕ ಗಿರಾಕಿಯ ಮನೆಯಲ್ಲಿ ರಂಪ ಮಾಡುವವಳಲ್ಲ. ತೋಳಿನ ಮೇಲೆ ಹತ್ತಿ ಒತ್ತಿಕೊಂಡು, ಶಾಲನ್ನು ಬಲಗಂಕುಳಲ್ಲಿ ಸಿಕ್ಕಿಸಿಕೊಂಡು, ಸೀದಾ ಡಾಕ್ಟರ ಹತ್ತಿರ ನಡೆದಳು. ಚೀಟಿಯಲ್ಲಿ 'ನಾಯಿ ಕಡಿತ' ಎಂದು ಬಿತ್ತು. ಯಾರ ನಾಯಿ ಎಂದು ಡಾಕ್ಟರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಮೊದಲ ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೇ ದಿನ ಕೈ ಊದಿಕೊಂಡು ಕುಂಬಳಕಾಯಾಯಿತು. ಆಸ್ಪತ್ರೆಯಲ್ಲಿ ಮುಂಗೈಯನ್ನು ಉದ್ದಕ್ಕೆ ಕೊಯ್ದು ಕೀವು ತೆಗೆದರು. ಹನ್ನೊಂದು ದಿನ ಮಲಗಿಸಿದರು. ಕಚ್ಚಿದ ಗುರುತೆಲ್ಲ ಆ ಒಂದು ಉದ್ದ ಗಾಯದಲ್ಲಿ ಕಲೆತುಹೋಯಿತು. ಗಾಯ ಮಾಯಿತು, ಆದರೆ ನಡುಬೆರಳು ಮತ್ತು ಉಂಗುರದ ಬೆರಳು ಮಡಚುವುದನ್ನೇ ಮರೆತವು. ಇನ್ನೊಂದು ಆಪರೇಷನ್ ಆಗಬೇಕು, ಆಮೇಲೆ ತಿಂಗಳುಗಟ್ಟಲೆ ಬೆರಳಿಗೆ ವ್ಯಾಯಾಮ ಮಾಡಿಸಬೇಕು, ಆಗ ಬಂದರೆ ಬಂತು ಎಂದರು ಡಾಕ್ಟರು. ನೋಡುವವರಿಗೆ ರಫು ಬಲಗೈ ಕೆಲಸ. ನಿಜವಾಗಿ ಅದು ಎಡಗೈ ಕೆಲಸ. ಬಟ್ಟೆಯನ್ನು ಬೆರಳುಗಳ ಮೇಲೆ ಹದವಾಗಿ ಬಿಗಿದು ಹಿಡಿಯುವುದು ಅದೇ. ಹಿಡಿತವಿಲ್ಲದಿದ್ದರೆ ಸೂಜಿ ಏನು ಮಾಡೀತು? ಗೂಡಂಗಡಿಯ ಬಾಗಿಲು ಮುಚ್ಚಿತು.

ಆಸ್ಪತ್ರೆಯಿಂದ ಬಂದ ಮೇಲೆ ರಫಕ್ಕನ ಸೊಸೆ ಹಸಿರು ಗೇಟಿಗೆ ಹೋಗಿ ಬಂದಳು. ಆ ಹುಡುಗಿ ಬೇರೊಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಕಾನೂನನ್ನು ಟೈಪು ಮಾಡಿ ಮಾಡಿ ಮುಕ್ಕಾಲು ವಕೀಲಳಾಗಿದ್ದಳು. ಹೋದಷ್ಟೇ ಬೇಗ ಕೆಂಡವಾಗಿ ವಾಪಸು ಬಂದಳು.

"ಅವರ ನಾಯಿ ಕಚ್ಚೇ ಇಲ್ವಂತೆ ಅತ್ತೆ. ಸರಪಳೀಲಿ ಕಟ್ಟಿತ್ತಂತೆ. ನೀವು ಶಾಲು ತಗೊಂಡು ನೆಟ್ಟಗೆ ಹೋದ್ರಂತೆ. ತಿರುವಲ್ಲಿ ಬೀದಿನಾಯಿಗಳಿವೆಯಂತೆ, ಅವು ಕಚ್ಚಿರಬೇಕಂತೆ." ಚೀಲದಿಂದ ಒಂದು ಲಕೋಟೆ ತೆಗೆದು ಮಂಚದ ಮೇಲೆ ಎಸೆದಳು. "ಆದ್ರೂ ಪಾಪ, ಬಡವರು, ವಯಸ್ಸಾದೋರು ಅಂತ ಇದು ಕೊಟ್ರು. ಬೇಡ ಅಂದ್ರೂ ಚೀಲಕ್ಕೆ ತುರುಕಿದ್ರು."

ರಫಕ್ಕ ಲಕೋಟೆಯನ್ನು ಬಿಚ್ಚಿಯೂ ನೋಡಲಿಲ್ಲ. "ನಾಳೆ ಹೋಗಿ ವಾಪಸು ಕೊಟ್ಟು ಬಾ. ರಶೀದಿ ಈಸ್ಕೋ."

"ಕೊಡ್ತೀನಿ. ಆದ್ರೆ ಸುಮ್ನೆ ಬಿಡೋದು ಬೇಡ. ಸಾಕಿದ ನಾಯಿ ಕಚ್ಚಿದ್ರೆ ಸಾಕಿದವರೇ ಹೊಣೆ. ನೀವೇನು ಗೋಡೆ ಹಾರಿ ಹೋಗಿದ್ರಾ? ಕರೆಸ್ಕೊಂಡು ಹೋಗಿದ್ದು. ಔಷಧಿ ಖರ್ಚು, ಆಪರೇಷನ್ನು, ಕೆಲಸ ನಿಂತಿದ್ದು, ಎಲ್ಲಾ ಅವರೇ ಕೊಡ್ಬೇಕು. ಅದು ದಾನ ಅಲ್ಲ ಅತ್ತೆ, ಹಕ್ಕು."

"ಹಕ್ಕಾದ್ರೆ ತಗೋತೀನಿ," ಎಂದಳು ರಫಕ್ಕ. "ಪಾಪ ಅಂದ್ಕೊಂಡು ಕೊಟ್ರೆ ಒಂದು ಬಿಡಿಕಾಸೂ ಬೇಡ. ನಾನು ಸುಳ್ಳಿ ಅಂತ ಆ ಮನುಷ್ಯ ಹೇಳ್ತಿರೋವರೆಗೆ ನನ್ನ ಕೈ ವಾಸಿಯಾದ್ರೂ ಒಂದೇ ಬಿಟ್ರೂ ಒಂದೇ."

ಸೊಸೆ ಆ ರಾತ್ರಿಯೇ ಅರ್ಜಿ ಬರೆಯಲು ಕೂತು, ಸಾಕ್ಷಿಗಳ ಪಟ್ಟಿ ಮಾಡಿದಳು. ಡಾಕ್ಟರ ಚೀಟಿ, ಆಸ್ಪತ್ರೆ ಕಾಗದ, ಫೋನು ಬಂದ ದಾಖಲೆ. ತಟ್ಟನೆ ಮುಖ ಅರಳಿತು. "ಅತ್ತೆ, ಅವತ್ತು ಕೋಟು ಹಾಕಿದ್ರಲ್ಲ? ಹರಿದಿರತ್ತೆ. ಅದಕ್ಕಿಂತ ಸಾಕ್ಷಿ ಬೇಕಾ? ಎಲ್ಲಿದೆ?"

ರಫಕ್ಕ ಎದ್ದು ಹೋಗಿ ಕೋಟು ತಂದಳು. ತೊಳೆದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿದ್ದ ಕೋಟು. ಸೊಸೆಯ ಮಡಿಲಲ್ಲಿ ಹರಡಿ, ಸೊಂಟದ ಮೇಲೆ ಒಳ್ಳೆಯ ಕೈ ಇಟ್ಟು, "ಹುಡುಕು ನೋಡೋಣ," ಎಂದಳು.

ಆ ಹುಡುಗಿ ಒಂದು ನಿಮಿಷ ಕೋಟನ್ನು ನೋಡಿದಳು, ಒಂದು ನಿಮಿಷ ಅತ್ತೆಯನ್ನು ನೋಡಿದಳು. "ಅಯ್ಯೋ ನನ್ನ ಅತ್ತೆ," ಎಂದು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಕೈ ಊದಿಕೊಳ್ಳುವ ಮುಂಚಿನ ಆ ನಾಲ್ಕು ದಿನದಲ್ಲಿ ಅವಳು ಮಾಡಿದ ಘನಕಾರ್ಯ ಅದು. ಮನೆಯಲ್ಲಿ ಹರಿದ ಬಟ್ಟೆ ಕಣ್ಣಿಗೆ ಬೀಳುತ್ತಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ. ಅದರಲ್ಲೂ ಅಪ್ಪನ ಕೋಟು. ರಕ್ತವನ್ನು ತಣ್ಣೀರಲ್ಲಿ ತೊಳೆದು ತೆಗೆದಳು. ಬ್ಯಾಂಡೇಜು ಸುತ್ತಿದ ಕೈಯಿಂದಲೇ ತೋಳನ್ನು ಬೋರಲು ಹಾಕಿದ ಲೋಟದ ಮೇಲೆ ಬಿಗಿದು, ಮೊಣಕೈಯಲ್ಲಿ ಒತ್ತಿ ಹಿಡಿದು, ಎರಡು ಹಗಲು ಕೂತು ರಫು ಮಾಡಿದಳು. ನೋಯುತ್ತಿರಲಿಲ್ಲವೇ? ನೋಯುತ್ತಿತ್ತು. ಓರೆ ನೇಯ್ಗೆಯ ಉಣ್ಣೆ, ಒಂದೆಳೆ ತಪ್ಪಿದರೂ ಗೆರೆ ಮುರಿಯುತ್ತದೆ. ಒಂದೆಳೆಯೂ ತಪ್ಪಲಿಲ್ಲ. ಅವಳು ಮಾಡಿದ ಕೆಲಸಗಳಲ್ಲೇ ಅದಕ್ಕೆ ಸಾಟಿ ಇರಲಿಲ್ಲ. ಆಮೇಲೆ ಅವಳ ಕೈ ಸೂಜಿ ಹಿಡಿದಿರಲೂ ಇಲ್ಲ.

"ಇದು ಸಾಕ್ಷಿ ಅತ್ತೆ. ಸಾಕ್ಷೀನ ಯಾರಾದ್ರೂ ರಫು ಮಾಡ್ತಾರಾ?"

"ನಂಗೇನು ಗೊತ್ತು, ಆ ಮನುಷ್ಯ ಹೀಗೆ ಉಲ್ಟಾ ಹೊಡೀತಾನೆ ಅಂತ?"

ಹೀಗೆ ಬಂದಿತ್ತು ಕೋಟು ಈ ಮೇಜಿನ ಮೇಲೆ. ಅದನ್ನು ತರುವುದು ಬೇಡವೇ ಬೇಡ ಎಂದಿದ್ದಳು ಸೊಸೆ. ತರಲಿ ಎಂದು ಹಟ ಹಿಡಿದವರು ಎದುರು ವಕೀಲರೇ. ಕೋಟು ಹಾಕಿಕೊಂಡು ಹೋಗಿದ್ದೆ ಎಂದು ಅರ್ಜಿಯಲ್ಲಿ ಬರೆದಿದೆ, ಎಂಜಿನಿಯರರೂ ಒಪ್ಪಿದ್ದಾರೆ, ಹಾಗಾದರೆ ಕೋಟು ಎಲ್ಲಿ ಎಂದು ನೋಟಿಸು ಕೊಟ್ಟಿದ್ದರು.

ಈಗ ಅವರ ದನಿ ಮೆತ್ತಗಾಗಿತ್ತು, ಗೆದ್ದವರ ದನಿಯ ಹಾಗೆ. "ಮೇಡಂ, ಈಯಮ್ಮನಿಗೆ ನಾಯಿ ಕಚ್ಚಿಲ್ಲ ಅಂತ ನಾವು ಹೇಳ್ತಿಲ್ಲ. ಎಲ್ಲೋ, ಯಾವತ್ತೋ, ಯಾವುದೋ ನಾಯಿ ಕಚ್ಚಿದೆ. ನಮ್ಮ ಕಕ್ಷಿದಾರರು ದೊಡ್ಡ ಮನಸ್ಸು ಮಾಡಿ ಸಹಾಯ ಮಾಡೋಕೆ ಇವತ್ತಿಗೂ ತಯಾರಿದ್ದಾರೆ. ಕೇಸು ವಾಪಸು ತಗೊಳ್ಳಲಿ, ಸಾಕು."

ಅವರ ಪಕ್ಕದಲ್ಲಿ ಎಂಜಿನಿಯರರು ತಲೆ ತಗ್ಗಿಸಿ ಕೂತಿದ್ದರು. ಬೆಳಿಗ್ಗೆಯಿಂದ ಅವರು ರಫಕ್ಕನ ಕಡೆ ಒಂದು ಸಲವೂ ನೋಡಿರಲಿಲ್ಲ.

"ಏನಮ್ಮ," ಎಂದರು ಅಧಿಕಾರಿ. "ಈ ಕೋಟು ಹರಿದಿತ್ತು ಅಂತೀರಲ್ಲ. ಎಲ್ಲಿ?"

"ಅಲ್ಲೇ ಇದೆ ಮೇಡಂ. ನಾನು ರಫು ಮಾಡಿದೀನಿ."

"ನಮಗ್ಯಾರಿಗೂ ಕಾಣಿಸ್ತಿಲ್ಲ."

"ಕಾಣಿಸಿದ್ರೆ ಅದು ರಫು ಅಲ್ಲ ಮೇಡಂ," ಎಂದಳು ರಫಕ್ಕ. ಜಂಬ ಮಾತಿನಲ್ಲಿ ಇಣುಕಿಯೇಬಿಟ್ಟಿತು. ಸೊಸೆ ಕಣ್ಣು ಮುಚ್ಚಿಕೊಂಡಳು.

ಅಧಿಕಾರಿ ನಗಲಿಲ್ಲ. "ನೋಡಿಯಮ್ಮ, ನಿಮ್ಮ ಕೆಲಸ ಚೆನ್ನಾಗಿದೆ ಅಂತ ನಾನು ತೀರ್ಪು ಬರೆಯೋಕಾಗಲ್ಲ. ಹರಿದಿತ್ತು ಅನ್ನೋದಕ್ಕೆ ನನಗೆ ಏನಾದ್ರೂ ಬೇಕು. ಇಲ್ಲದಿದ್ರೆ ಅರ್ಜಿ ವಜಾ ಮಾಡ್ಬೇಕಾಗತ್ತೆ. ಕಡತದಲ್ಲಿ, ಹೇಳಿಕೆ ನಂಬುವಂತಿಲ್ಲ ಅಂತ ಬರೆಯಬೇಕಾಗತ್ತೆ."

ನಂಬುವಂತಿಲ್ಲ. ಆ ಮಾತು ರಫಕ್ಕನ ಮುಖಕ್ಕೆ ಹೊಡೆದಂತಾಯಿತು. ನಗು ಎಲ್ಲಿ ಹೋಯಿತೋ. ಬಾಗದ ಎರಡು ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅವಳು ಕೋಟನ್ನು ನೋಡುತ್ತ ಕೂತಳು. ಅದನ್ನು ತೋರಿಸುವ ದಾರಿ ಒಂದೇ ಇತ್ತು. ಅದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ದಿನ ಆ ಯೋಚನೆಯನ್ನು ಹತ್ತಿರ ಸುಳಿಯಗೊಟ್ಟಿರಲಿಲ್ಲ, ಅಷ್ಟೆ. ಬೇರೆಯವರ ಕೆಟ್ಟ ರಫುವನ್ನು ಬಿಚ್ಚಿ ಹೊಸದಾಗಿ ಮಾಡಿದ್ದುಂಟು. ತನ್ನ ಕೈಯ ಕೆಲಸವನ್ನು ತಾನೇ ಬಿಚ್ಚಿದ್ದು ಹುಟ್ಟಿದಂದಿನಿಂದ ಇಲ್ಲ. ಅದೂ ಇದನ್ನು. ಈ ಕೈ ಇನ್ನು ಹೀಗೇ ಉಳಿದುಬಿಟ್ಟರೆ ಇದೇ ಅವಳ ಕೊನೆಯ ರಫು.

"ಬಿಚ್ಚಿ ತೋರಿಸ್ತೀನಿ," ಎಂದಳು.

ವಕೀಲರು ಥಟ್ಟನೆ ಎದ್ದರು. "ಆಕ್ಷೇಪಣೆ ಇದೆ ಮೇಡಂ. ಸೂಜಿ ಕೈಯಲ್ಲಿದ್ರೆ ಈಗ ಇಲ್ಲೇ ಎಷ್ಟು ತೂತು ಬೇಕಾದ್ರೂ ಮಾಡಬಹುದು."

"ಹಾಗಾದ್ರೆ ಮೊದಲೇ ಹೇಳ್ತೀನಿ, ಬರ್ಕೊಳ್ಳಿ ಮೇಡಂ," ಎಂದಳು ರಫಕ್ಕ. ಅವಳ ದನಿ ಈಗ ಅಂಗಡಿಯ ದನಿಯಾಗಿತ್ತು. "ತೋಳಿನ ಕೆಳಮೈಯಲ್ಲಿ ಎರಡು ತೂತು, ಎರಡು ಬೆರಳಗಲ ದೂರದಲ್ಲಿ. ಅದು ಕೆಳದವಡೆ. ಮೇಲ್ಮೈಯಲ್ಲಿ ಒಂದೇ ತೂತು. ಅದರಿಂದ ಮಣಿಕಟ್ಟಿನ ಕಡೆಗೆ ಒಂದು ಸೀಳು, ಕಿರುಬೆರಳಿನ ಉದ್ದ. ಒಟ್ಟು ಮೂರು ತೂತು, ಒಂದು ಸೀಳು. ಮೇಲಿನ ಎರಡನೇ ತೂತು ಇರಬೇಕಾಗಿದ್ದ ಕಡೆ ಹಾಸಿನ ಎಳೆ ಆರು ನಜ್ಜಿದ್ವು, ಒಂದೂ ಕಡಿದಿರಲಿಲ್ಲ. ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಆ ಆರು ಎಳೆಗೆ ನಾನು ಸೂಜಿ ಹಾಕಿಲ್ಲ, ಹಾಗೇ ನೀವಿ ಬಿಟ್ಟಿದೀನಿ."

ಅಧಿಕಾರಿ ಬರೆದುಕೊಂಡರು. ಎಂಜಿನಿಯರರು ತಲೆ ಎತ್ತಿದ್ದರು. ಬೆಳಿಗ್ಗೆಯಿಂದ ಮೊದಲ ಸಲ ಅವರು ರಫಕ್ಕನ ಮುಖವನ್ನು ನೋಡುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು.

"ಬಿಚ್ಚಿ," ಎಂದರು ಅಧಿಕಾರಿ.

ರಫಕ್ಕ ಚೀಲದಿಂದ ಸೂಜಿಡಬ್ಬಿ ತೆಗೆದಳು. ಕೋಟನ್ನು ಮುಂದೆ ಎಳೆದುಕೊಂಡು ಎಡಗೈಯಲ್ಲಿ ಹಿಡಿಯಹೋದಳು. ಬಟ್ಟೆ ಜಾರಿತು. ಇನ್ನೊಂದು ಸಲ ಹಿಡಿದಳು, ಮತ್ತೆ ಜಾರಿತು. ಸೊಸೆ ಸಹಾಯಕ್ಕೆಂದು ಕೈ ಚಾಚಿದಾಗ ಅವಳು ಬೇಡ ಎಂದು ತಲೆಯಾಡಿಸಿದಳು.

"ನೀನು ಹಿಡಿದ್ರೆ ಮನೆಯವಳು ಅಂತಾರೆ. ಅವರೇ ಹಿಡೀಲಿ." ಅವಳು ಎಂಜಿನಿಯರರ ಕಡೆ ತಿರುಗಿದಳು. "ಸಾರ್, ಸ್ವಲ್ಪ ಈ ಕಡೆ ಬಂದು ತೋಳು ಬಿಗಿಯಾಗಿ ಹಿಡ್ಕೊಳ್ಳಿ. ನಾನು ಏನ್ ಮಾಡ್ತೀನಿ ಅಂತ ನಿಮ್ಮ ಕಣ್ಣಾರೆ ನೋಡಿ."

ವಕೀಲರು ಬೇಡ ಎನ್ನುವಂತೆ ಅವರ ಮೊಣಕೈ ಮುಟ್ಟಿದರು. ಆದರೆ ಮುದುಕರು ಎದ್ದಾಗಿತ್ತು. ಮಂಡಿ ಹಿಡಿದುಕೊಂಡು ಮೇಜು ಸುತ್ತಿ ಬಂದು, ರಫಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು, ತೋಳಿನ ಎರಡೂ ತುದಿ ಹಿಡಿದರು.

"ಅಷ್ಟು ಜಗ್ಗಬೇಡಿ, ಉಣ್ಣೆ ಅದು. ಹಾಂ, ಹಾಗೆ."

ಅವಳು ಬೆರಳ ತುದಿಯಿಂದ ಬಟ್ಟೆಯನ್ನು ಒಂದು ಸಲ ಸವರಿದಳು. ಭೂತಗನ್ನಡಿಗೆ ಸಿಗದ ಜಾಗ ಬೆರಳಿಗೆ ಕೂಡಲೇ ಸಿಕ್ಕಿತು. ಸೂಜಿಯ ಮೊನೆಯಲ್ಲಿ ಒಂದೆಳೆ ಎತ್ತಿದಳು. ಎಳೆ ಬರಲಿಲ್ಲ. ಎಷ್ಟು ಭದ್ರವಾಗಿ ಮಾಡಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟೂ ಬಂತು, ಅಭಿಮಾನವೂ ಬಂತು. ಮೂರನೇ ಸಲಕ್ಕೆ ಎಳೆ ಸಡಿಲವಾಯಿತು. ಅಲ್ಲಿಂದ ಒಂದೊಂದೇ ಎಳೆ, ಹೊಕ್ಕು ಮೊದಲು, ಹಾಸು ಆಮೇಲೆ. ಬಿಚ್ಚಿದ ಎಳೆಗಳನ್ನು ಬಿಸಾಕಲಿಲ್ಲ. ಮೇಜಿನ ಮೇಲಿನ ಬಿಳಿ ಕಾಗದದ ಮೇಲೆ ಸಾಲಾಗಿ ಇಡುತ್ತ ಹೋದಳು. ಗುಮಾಸ್ತ ಕುರ್ಚಿ ಬಿಟ್ಟು ಬಂದು ಅಧಿಕಾರಿಯ ಹಿಂದೆ ನಿಂತಿದ್ದ. ಎರಡು ನರೆತ ತಲೆಗಳು ಒಂದು ಕೋಟಿನ ಮೇಲೆ ಬಾಗಿಕೊಂಡು ಮುಕ್ಕಾಲು ಗಂಟೆ ಕೂತವು. ಒಂದು ಸಲ ಅವಳ ಕಣ್ಣು ಮಂಜಾಯಿತು. ಒರೆಸಿಕೊಂಡು ಮುಂದುವರಿಸಿದಳು.

ಮೊದಲು ಕೆಳಗಿನ ಎರಡು ತೂತು ಬಿಟ್ಟುಕೊಂಡವು, ಬೇಳೆಯಷ್ಟಗಲ, ಅಂಚೆಲ್ಲ ಎಳೆ ಎಳೆ. ತೋಳನ್ನು ಮಗುಚಿದರು. ಮೇಲಿನ ಒಂದು ತೂತು ತೆರೆಯಿತು, ಅದರ ಬಾಲಕ್ಕೆ ಸೀಳು. ಪಕ್ಕದಲ್ಲಿ, ಎರಡು ಬೆರಳಗಲ ದೂರದಲ್ಲಿ, ಅವಳು ಉಗುರಿನಿಂದ ಬಟ್ಟೆಯನ್ನು ಮೆಲ್ಲಗೆ ಕೆರೆದಳು. ನೀವಿ ಮಲಗಿಸಿದ್ದ ಆರು ಎಳೆ ನಜ್ಜುಗುಜ್ಜಾಗಿ ಎದ್ದು ನಿಂತವು, ಒಂದೂ ಕಡಿಯದೆ.

"ಮುಗೀತು ಮೇಡಂ," ಎಂದು ಸೂಜಿ ಕೆಳಗಿಟ್ಟಳು.

ಅಧಿಕಾರಿ ತಾವು ಬರೆದುಕೊಂಡದ್ದನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಬಟ್ಟೆಯನ್ನು ನೋಡಿದರು. ತಪ್ಪು ಸಿಗಲಿಲ್ಲ.

"ಕಚ್ಚಿದ್ದು ಈ ಕೋಟಿನ ಮೇಲೇ ಅಂತ ಆಯ್ತು," ಎಂದರು ವಕೀಲರು, ಸ್ವಲ್ಪ ಬಿಳಿಚಿಕೊಂಡು. "ಆದ್ರೂ ಬೀದಿನಾಯಿ ಅಂತಾನೂ ಆಗಬಹುದಲ್ಲ ಮೇಡಂ. ಯಾವ ನಾಯಿ ಅಂತ ತೂತು ಹೇಳತ್ತಾ?"

ಅಧಿಕಾರಿ ಕಡತದಿಂದ ಒಂದು ಸಣ್ಣ ನೀಲಿ ಪುಸ್ತಕ ಹೊರತೆಗೆದರು. ನಾಯಿಗೆ ಇಂಜೆಕ್ಷನ್ ಆಗಿದೆ, ಚೆನ್ನಾಗಿ ಸಾಕಿದ್ದೇವೆ ಎಂದು ತೋರಿಸಲು ಅದನ್ನು ಕೊಟ್ಟವರು ಅದೇ ವಕೀಲರು. ಪಶುವೈದ್ಯರ ಪುಸ್ತಕ. ಇಂಜೆಕ್ಷನ್ನಿನ ಪುಟ ಬಿಟ್ಟು ಮೊದಲನೇ ಪುಟಕ್ಕೆ ಹೋಗಿ ಗಟ್ಟಿಯಾಗಿ ಓದಿದರು. "ಗಂಡು. ಕಂದು ಬಣ್ಣ. ಮೇಲ್ದವಡೆಯ ಬಲ ಕೋರೆಹಲ್ಲು ಬುಡದವರೆಗೆ ಮುರಿದಿದೆ."

ವಕೀಲರು ಬಾಯಿ ತೆರೆದರು. ಅವರು ಏನಾದರೂ ಹೇಳುವ ಮೊದಲೇ ಎಂಜಿನಿಯರರು ಮಾತಾಡಿದರು. ಕೋಟಿನ ತೋಳು ಇನ್ನೂ ಅವರ ಕೈಯಲ್ಲೇ ಇತ್ತು.

"ವರ್ಷದ ನಾಯಿಯಾಗಿದ್ದಾಗ ಕಲ್ಲು ಕಚ್ಚಿ ಮುರ್ಕೊಂಡಿತ್ತು. ನನ್ನ ಹೆಂಡತಿ ಎರಡು ದಿನ ಊಟ ಬಿಟ್ಟಿದ್ಲು ಅದಕ್ಕೆ." ಅವರು ಮೂರು ತೂತುಗಳನ್ನು ನೋಡಿದರು. "ಇವರು ಮೂರು ಅಂದಾಗಲೇ ಇನ್ನು ಮುಚ್ಚಿಡೋಕಾಗಲ್ಲ ಅಂತ ನಂಗೆ ಗೊತ್ತಾಯ್ತು. ಸರಪಳಿ ಬಿಚ್ಚಿದ್ದೆ ಮೇಡಂ. ಸ್ನಾನ ಮಾಡಿಸೋಕೆ ಅಂತ ಬಿಚ್ಚಿ ಮರೆತಿದ್ದೆ. ಅದನ್ನ ಕೊಂದುಬಿಡ್ತಾರೆ ಅಂತ ಯಾರೋ ಹೇಳಿದ್ರು. ಮನೇಲಿ ಈಗ ಅದು ಬಿಟ್ರೆ ಯಾರೂ ಇಲ್ಲ ನಂಗೆ."

"ಕೊಲ್ಲೋ ಮಾತು ಯಾರಂದ್ರು?" ಎಂದರು ಅಧಿಕಾರಿ. "ಬಾಯಿಗೆ ಕುಕ್ಕೆ ಹಾಕಿ, ಗೇಟಿಗೆ ಅಗುಳಿ ಹಾಕಿ, ಕಟ್ಟಿ ಸಾಕಿ. ಇದಕ್ಕೆ ಮೊದಲು ಅದು ಯಾರನ್ನೂ ಕಚ್ಚಿಲ್ಲ ಅನ್ನೋದು ನಿಮ್ಮನ್ನ ಬಿಡಿಸಲ್ಲ. ನೀವು ಕರೆಸಿದ್ರಿ, ಅವರು ಬಂದ್ರು, ನಿಮ್ಮ ಅಂಗಳದಲ್ಲಿ ನಿಮ್ಮ ನಾಯಿ ಕಚ್ಚಿತು. ಹೊಣೆ ನಿಮ್ಮದು. ಚಿಕಿತ್ಸೆ, ಮುಂದಿನ ಆಪರೇಷನ್, ಕೈ ಕೆಲಸಕ್ಕೆ ಬರೋವರೆಗಿನ ದುಡಿಮೆ, ಎಲ್ಲ."

"ಕೊಡ್ತೀನಿ." ಅವರು ರಫಕ್ಕನ ಕಡೆ ತಿರುಗಿದರು. "ನನ್ನದು ತಪ್ಪಾಯ್ತಮ್ಮ."

ರಫಕ್ಕ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. "ನಾಯಿ ಮೇಲೆ ನಂಗೆ ಅವತ್ತೂ ಸಿಟ್ಟಿರಲಿಲ್ಲ ಸಾರ್," ಎಂದಳು. "ಮೂಕಪ್ರಾಣಿ, ಅಂಗಳಕ್ಕೆ ಹೊಸಬರು ಬಂದ್ರು ಅಂತ ಹಿಡೀತು. ನೀವು ಮಾತು ಬರೋರು. ನೀವು ನನ್ನನ್ನ ಸುಳ್ಳಿ ಮಾಡಿದ್ರಿ. ನೋವಾಗಿದ್ದು ಅದು."

ಅವರು ತಲೆಯಾಡಿಸಿದರು. ತೋಳನ್ನು ಹುಷಾರಾಗಿ ಮೇಜಿನ ಮೇಲಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ಒಂದು ಸಲ ನೀವಿದರು.

ಆದೇಶ ಬರೆಯಲು ಅಧಿಕಾರಿ ಒಳಗೆ ಹೋದರು. ಕೋಟು, ಬಿಚ್ಚಿದ ಎಳೆಗಳು ಕಡತಕ್ಕೆ ಸೇರಬೇಕು, ಎಲ್ಲ ಮುಗಿದ ಮೇಲೆ ವಾಪಸು ಸಿಗುತ್ತದೆ ಎಂದು ಗುಮಾಸ್ತ ಹೇಳಿದ. ಎಳೆಗಳನ್ನು ಅವನು ಕಾಗದದ ಸಮೇತ ಮಡಚಿ ಲಕೋಟೆಗೆ ಹಾಕಿದ ರೀತಿಯಲ್ಲಿ ಈಗ ಒಂದು ಭಯಭಕ್ತಿ ಇತ್ತು. ರಶೀದಿ ಬರೆದು, ರಫಕ್ಕನ ಮುಂದೆ ತಿರುಗಿಸಿ ಇಟ್ಟ. "ಇಲ್ಲಿ ಸಹಿ ಹಾಕಿ ಅಮ್ಮ."

ಅವಳು ಕನ್ನಡಕ ಹಾಕಿಕೊಂಡು ಓದಿದಳು. 'ಹಳೆಯ ಬೂದು ಕೋಟು ಒಂದು. ಎಡತೋಳು ಹರಿದಿದೆ.'

"ಇಷ್ಟೇ ಬರೆದ್ರೆ ಆಗಲ್ಲಪ್ಪ."

"ಇನ್ನೇನು ಬರೀಲಿ?"

"ನನ್ನ ಕೈಯಿಂದ ಹರಿದ ಬಟ್ಟೆ ಯಾವತ್ತೂ ಆಚೆ ಹೋಗಿಲ್ಲ. ಇವತ್ತೇ ಮೊದಲು. ನಾಯಿ ಕಚ್ಚಿ ಹರಿದಿದ್ದು ಅಂತ ಬರಿ. ಯಾರ ನಾಯಿ ಅಂತಾನೂ ಬರಿ."

"ಅತ್ತೆ, ಅದೆಲ್ಲ ಆದೇಶದಲ್ಲಿ ಬರತ್ತೆ," ಎಂದಳು ಸೊಸೆ, ನಗುವಿಗೂ ಅಳುವಿಗೂ ನಡುವೆ ಸಿಕ್ಕಿಕೊಂಡು.

"ಬರ್ಲಿ. ಇಲ್ಲೂ ಬರ್ಲಿ."

ಗುಮಾಸ್ತ ರಶೀದಿ ವಾಪಸು ತೆಗೆದುಕೊಂಡು, ಅವಳು ಹೇಳಿದಂತೆ ಸೇರಿಸಿ ಬರೆದುಕೊಟ್ಟ. ಅವಳು ಇನ್ನೊಮ್ಮೆ ಪೂರ್ತಿ ಓದಿದಳು. ಕಿಟಕಿಯ ಗಾಳಿಗೆ ಕಾಗದ ಏಳುತ್ತಿತ್ತು. ಹಿಡಿಯಲು ಸೊಸೆ ಕೈ ತರುವಷ್ಟರಲ್ಲಿ ರಫಕ್ಕನೇ ತನ್ನ ಎಡಗೈಯನ್ನು ಅದರ ಮೇಲೆ ಅಗಲವಾಗಿ ಊರಿದಳು. ಎರಡು ಬೆರಳು ಬಾಗದೆ ಹಾಗೇ ಚಾಚಿಕೊಂಡಿದ್ದವು. ಅವುಗಳ ಕೆಳಗೆ ಕಾಗದ ಅಲ್ಲಾಡಲಿಲ್ಲ. ಪೆನ್ನು ತೆಗೆದುಕೊಂಡು ಅವಳು ತನ್ನ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಒಂದಕ್ಷರವನ್ನೂ ಮೊಟಕು ಮಾಡದೆ ಬರೆದಳು.